ಕುತ್ತಿಗೆಗೆ ಬಂದ ಲ್ಯಾಂಪ್‌ಶೇಡು

ಬೆಳಕಿಗೆ ವಾಸನೆ ಇರುತ್ತದೆ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. (ನಾನು ಶಾಲೆಯನ್ನು ಅರ್ಧಕ್ಕೇ ಬಿಟ್ಟವನು. ಬಿಟ್ಟ ಮೇಲಿನ ಪಾಠಗಳಲ್ಲಿ ಬರೆದಿದ್ದರೆ ನನಗೆ ಗೊತ್ತಿಲ್ಲ.) ಆದರೆ ನಮ್ಮ ಮನೆಯಿಂದ ಹೊರಟ ದೀಪಗಳ ಬೆಳಕಿಗೆ ವಾಸನೆ ಇತ್ತು. ದೀಪ ಆರಿಸಿದರೆ ಇಲ್ಲ, ಹಚ್ಚಿದರೆ ಇದೆ. ಮಂದವಾಗಿ ಉರಿದರೆ ಮಂದವಾಗಿ, ಜೋರಾಗಿ ಉರಿದರೆ ಜೋರಾಗಿ. ಈ ಹೊಸ ವಿಜ್ಞಾನವನ್ನು ಕಂಡುಹಿಡಿದ ಕೀರ್ತಿ ನಮ್ಮ ಬೆಕ್ಕಿಗೆ ಸಲ್ಲಬೇಕು. ಸಲ್ಲಬೇಕಾದವರಿಗೆ ಸಲ್ಲದೆ ಉಳಿದ ಅಪಕೀರ್ತಿಯೆಲ್ಲ ನನ್ನ ಪಾಲಿಗೆ ಬಂದದ್ದು ಹೇಗೆ ಎಂಬುದನ್ನೇ ಈಗ ಹೇಳಹೊರಟಿದ್ದೇನೆ.

ನಮ್ಮದು ಲ್ಯಾಂಪ್‌ಶೇಡು ಮಾಡುವ ಮನೆ. ದೀಪಕ್ಕೆ ಬಟ್ಟೆಯ ಲಂಗ ತೊಡಿಸಿದ ಹಾಗೆ ಇರುತ್ತದಲ್ಲ, ಅದು. ಮುಂದಿನ ಕೋಣೆಯೇ ನಮ್ಮ ಕಾರ್ಖಾನೆ. ಅಲ್ಲಿ ಅಪ್ಪ ತಂತಿ ಬಗ್ಗಿಸಿ ಚೌಕಟ್ಟು ಬೆಸೆಯುತ್ತಾನೆ. ಅಮ್ಮ ಬಟ್ಟೆ ಕತ್ತರಿಸಿ ಅಂಟಿಸುತ್ತಾಳೆ. ಗಿರಾಕಿಗಳ ಹತ್ತಿರ ಮಾತಾಡುವುದೂ, ಕೋಪ ಬಂದಾಗ ಅಪ್ಪನ ಹತ್ತಿರ ಮಾತಾಡದೆ ಇರುವುದೂ ಅವಳದೇ ಇಲಾಖೆ. ಅಪ್ಪನ ಅಮ್ಮ, ಅಂದರೆ ನನ್ನ ಅಜ್ಜಿ, ಶೇಡಿನ ಅಂಚಿಗೆ ಕುಚ್ಚು ಹೊಲಿಯುತ್ತಾಳೆ. ಅವಳ ಕಣ್ಣು ಮಂಜಾಗಿದೆ, ಕನ್ನಡಕ ಯಾವಾಗಲೂ ಕಳೆದಿರುತ್ತದೆ, ಆದರೆ ಬೆರಳುಗಳಿಗೆ ದಾರಿ ಗೊತ್ತಿದೆ. ಉಳಿದದ್ದೆಲ್ಲ ನನ್ನದು: ಎದ್ದ ನೂಲು ಕತ್ತರಿಸುವುದು, ಇಸ್ತ್ರಿ, ಪ್ಯಾಕಿಂಗ್.

ಒಂದು ಇಡೀ ಶೇಡನ್ನು ಮಾತ್ರ ಅಪ್ಪ ನನ್ನ ಕೈಗೆ ಕೊಟ್ಟವನಲ್ಲ. ನಾನು ತಪ್ಪು ಮಾಡುತ್ತೇನೆ ಎಂದಲ್ಲ. ತಪ್ಪಾಗಬಾರದೆಂದು ಅಳೆದು, ಅಳೆದದ್ದು ಸರಿಯೇ ಎಂದು ಮತ್ತೆ ಅಳೆದು, ಅಳತೆಪಟ್ಟಿಯಾದರೂ ನಂಬಿಕಸ್ಥನೇ ಎಂದು ಇನ್ನೊಂದು ಪಟ್ಟಿಯಿಂದ ಅದನ್ನೇ ಅಳೆಯುವಷ್ಟರಲ್ಲಿ ಗಿರಾಕಿ ಕತ್ತಲಲ್ಲಿ ಬದುಕುವುದನ್ನು ಅಭ್ಯಾಸ ಮಾಡಿಕೊಂಡಿರುತ್ತಾನೆ ಎಂದು ಅವನ ವಾದ.

ಬೆಕ್ಕಿನ ಹೆಸರು ಪಾಳೇಗಾರ. ಮರಿಯಾಗಿದ್ದಾಗ ಬರೀ ಪುಟ್ಟ. ಬೆಳೆದು, ಬೀದಿಯ ಗೋಡೆಗಳ ಮೇಲೆಲ್ಲ ಹಕ್ಕು ಸ್ಥಾಪಿಸಿ, ಯಾವುದೋ ಸಮರದಲ್ಲಿ ಎಡಗಿವಿಯ ತುದಿಯನ್ನು ಅರ್ಪಿಸಿ ಬಂದ ದಿನ ಅಜ್ಜಿ ಅವನಿಗೆ ಬಡ್ತಿ ಕೊಟ್ಟಳು. ಅವನು ಮನೆಗೆ ಬರುತ್ತಿದ್ದದ್ದು ತಿನ್ನಲು ಮತ್ತು ನನ್ನ ಮೇಜಿನ ಚೂರುಬಟ್ಟೆಯ ರಾಶಿಯ ಮೇಲೆ ಮಲಗಲು. ನನಗೆ ಜನರ ಹತ್ತಿರ ಮಾತು ಬರುವುದಿಲ್ಲ. ಅಂಗಡಿಗೆ ಹೋದರೂ ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತೇನೆ. ಪಕ್ಕದ ಡಬ್ಬ ಕೊಟ್ಟರೆ ಅದನ್ನೇ ತೆಗೆದುಕೊಂಡು ಬರುತ್ತೇನೆ. ಪಾಳೇಗಾರನ ಹತ್ತಿರ ಮಾತ್ರ ಇಡೀ ದಿನ ಮಾತಾಡುತ್ತೇನೆ. ಅವನು ಮಧ್ಯೆ ಬಾಯಿ ಹಾಕುವುದಿಲ್ಲ, ಎದ್ದು ಹೋಗುವುದೂ ಇಲ್ಲ. (ಎದ್ದು ಹೋಗುತ್ತಾನೆ. ಆದರೆ ಮಾತು ಹೇಗೂ ಮುಗಿಯಿತಲ್ಲ ಎಂಬ ಮರ್ಯಾದೆಯಿಂದ ಹೋಗುತ್ತಾನೆ.)

ಹೀಗಿರುವಾಗ ಒಂದು ಬೆಳಿಗ್ಗೆ ಹೋಟೆಲಿನ ಮ್ಯಾನೇಜರಮ್ಮನ ಫೋನು ಬಂತು. ಅವರ ಊಟದ ಹಾಲಿನ ಆರು ಮೇಜುದೀಪಗಳಿಗೆ ನಾವು ಚಿಕ್ಕ ಚಿಕ್ಕ ಶೇಡು ಮಾಡಿ ಕೊಟ್ಟಿದ್ದೆವು. ನಮ್ಮ ಗಿರಾಕಿಗಳಲ್ಲೆಲ್ಲ ದೊಡ್ಡವರು ಅವರೇ.

"ಶೇಡು ನೋಡೋಕೆ ಬಹಳ ಚೆನ್ನಾಗಿದೆ," ಎಂದರು ಮ್ಯಾನೇಜರಮ್ಮ. "ಆದರೆ ದೀಪ ಹಾಕಿ ಸ್ವಲ್ಪ ಹೊತ್ತಾದ ಮೇಲೆ ನಮ್ಮ ಗಿರಾಕಿಗಳು ಒಬ್ಬರನ್ನೊಬ್ಬರು ಮೂಸಿ ನೋಡೋಕೆ ಶುರು ಮಾಡ್ತಾರೆ."

"ಅಡುಗೆಮನೆಯಿಂದ ಏನಾದ್ರೂ ಬರ್ತಿದೆಯೇನೋ," ಎಂದಳು ಅಮ್ಮ.

"ಅಡುಗೆಯವರು ಕೆಲಸ ಬಿಡ್ತೀನಿ ಅಂತಿದಾರೆ, ಅವರನ್ನೇ ಎಲ್ಲರೂ ಕೇಳ್ತಿರೋದಕ್ಕೆ. ನಿನ್ನೆ ಒಂದು ಜೋಡಿ ಮೊದಲನೇ ಸಲ ಭೇಟಿಯಾಗೋಕೆ ಬಂದಿತ್ತು. ಇಬ್ಬರೂ ಒಬ್ಬರ ಮೇಲೊಬ್ಬರು ಅನುಮಾನಪಟ್ಟುಕೊಂಡು ಬೇರೆ ಬೇರೆ ಬಾಗಿಲಿಂದ ಹೋದ್ರು. ಆಮೇಲೆ ನಾನೇ ದೀಪದ ಹತ್ತಿರ ಮೂಗಿಟ್ಟೆ. ವಾಪಸ್ ಕಳಿಸ್ತಿದೀನಿ. ಬೇರೆ ಮಾಡಿ ಕೊಡಿ. ಇದೇ ಕೊನೆ ಸಲ."

ಶೇಡುಗಳು ಬಂದವು. ಅಮ್ಮ ಒಂದನ್ನು ಬಲ್ಬಿನ ಮೇಲಿಟ್ಟು ಹಚ್ಚಿದಳು. ಬಟ್ಟೆ ಬೆಚ್ಚಗಾದ ಹಾಗೆ ಇಡೀ ಕೋಣೆಯಲ್ಲಿ ಅದು ಹರಡಿಕೊಂಡಿತು. ಅಪ್ಪ ತಲೆಯೆತ್ತಿ, ಅಂಟು ಹಳತಾಗಿರಬೇಕು ಎಂದ. ಅಷ್ಟರಲ್ಲಿ ಪಾಳೇಗಾರ ಕಪಾಟಿನ ಕೆಳಗಿನ ಹಲಗೆಯಲ್ಲಿ ಒಣಗಲಿಟ್ಟಿದ್ದ ಹೊಸ ಶೇಡಿನ ಕಡೆಗೆ ಬೆನ್ನು ತಿರುಗಿಸಿ ನಿಂತ. ಬಾಲ ಧ್ವಜಸ್ತಂಭದ ಹಾಗೆ ನೆಟ್ಟಗಾಯಿತು. ತುದಿ ಸಣ್ಣಗೆ ನಡುಗಿತು, ಶೇಡಿನ ಮೇಲೆ ತುಂತುರು ಬಿತ್ತು. ಮುಖದಲ್ಲಿ ರಾಜಮುದ್ರೆ ಒತ್ತುವವನ ಗಾಂಭೀರ್ಯ.

"ಅಂಟು ಹಳತಾಗಿದೆಯಂತೆ," ಎಂದಳು ಅಮ್ಮ.

ಅವತ್ತು ಮಧ್ಯಾಹ್ನವೇ ಮಂತ್ರಾಲೋಚನೆ ನಡೆಯಿತು. ಅಮ್ಮ ಎರಡೇ ದಾರಿ ಇಟ್ಟಳು. ಒಂದೋ ಪಾಳೇಗಾರನಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ. ಇಲ್ಲವೇ ಊರಾಚೆ ಸೋದರಮಾವನ ಹಗ್ಗದ ಗೋದಾಮಿಗೆ ಗಡೀಪಾರು. ಅಲ್ಲಿ ಇಲಿಗಳು ಬೇಕಾದಷ್ಟಿವೆ, ಮಾವ ಬೆಕ್ಕು ಬೇಕು ಎಂದು ಯಾವತ್ತಿಂದಲೋ ಕೇಳುತ್ತಿದ್ದ. ಪಾಳೇಗಾರ ಹೋದರೆ ನಾನು ಯಾರ ಹತ್ತಿರ ಮಾತಾಡಲಿ? ಹಗ್ಗದ ಗೋದಾಮಿಗೆ ದಿನವೂ ಹೋಗಿ ಬರಲು ಬಸ್ಸು ಹತ್ತಬೇಕು, ಬಸ್ಸಿನಲ್ಲಿ ಕಂಡಕ್ಟರ್ ಇರುತ್ತಾನೆ.

ಅಪ್ಪ ಎರಡೂ ದಾರಿಗೆ ಅಡ್ಡ ಮಲಗಿದ.

"ಗೋದಾಮಿಗೂ ಬೇಡ, ಆಪರೇಷನ್ನೂ ಬೇಡ. ನಾಲ್ಕು ಮಾತು ಬುದ್ಧಿ ಹೇಳಿದ್ರೆ ಸರಿಹೋಗ್ತಾನೆ."

"ನೀವೇ ಹೇಳಿ. ನಿಮ್ಮ ಮಾತನ್ನ ಈ ಮನೇಲಿ ಅವನೊಬ್ಬ ಕೇಳೋದು ಬಾಕಿ."

"ಅಲ್ಲ ಕಣೇ, ಗಂಡಸಾದವನು ಇನ್ನೊಬ್ಬ ಗಂಡಸಿಗೆ ಇಂಥ ದ್ರೋಹ ಮಾಡಬಾರದು. ನಾಳೆ ಅವನ ಮುಖ ಹೇಗೆ ನೋಡ್ಲಿ ನಾನು?"

"ಅಷ್ಟು ಸಂಕಟ ಆಗೋದಾದ್ರೆ ಹೇಳಿ. ಇಬ್ಬರಿಗೂ ಒಟ್ಟಿಗೇ ಆಗುತ್ತಾ ಅಂತ ಡಾಕ್ಟರಮ್ಮನ ಹತ್ತಿರ ಕೇಳ್ತೀನಿ."

ಅಪ್ಪ ತಂತಿಯ ಸುರುಳಿಯನ್ನು ಮಡಿಲಿಗೆ ಎಳೆದುಕೊಂಡ.

"ಯಾರಿಗೆ ಆಪರೇಷನ್?" ಎಂದಳು ಅಜ್ಜಿ. ಅವಳು ಆಗಷ್ಟೇ ಕನ್ನಡಕ ಹುಡುಕುತ್ತ ಒಳಗೆ ಬಂದಿದ್ದಳು.

"ಪಾಳೇಗಾರನಿಗೆ ಅತ್ತೆ."

"ಮಾಡಿದ್ರೆ ಏನಾಗುತ್ತೆ?"

"ಬೀದಿ ಸುತ್ತಲ್ಲ. ಯಾರ ಜೊತೆಗೂ ಜಗಳ ಆಡಲ್ಲ. ಸಾಧುವಾಗಿ ಮನೇಲೇ ಕೂತಿರ್ತಾನೆ."

ಅಜ್ಜಿ ಗೋಡೆಯ ಮೇಲೆ ಮೀಸೆ ತಿರುವಿಕೊಂಡು ನಗುತ್ತಿದ್ದ ನಮ್ಮ ಅಜ್ಜನ ಫೋಟೋದ ಕಡೆಗೆ ತಿರುಗಿ, "ನಮ್ಮ ಕಾಲದಲ್ಲಿ ಇಂಥದ್ದೆಲ್ಲ ಇರ್ಲಿಲ್ಲ ನೋಡು," ಎಂದಳು.

ನಾನು ಬಾಯಿ ತೆರೆದದ್ದು ಆಗಲೇ. ಪಾಳೇಗಾರನನ್ನು ನಾನೇ ಕರೆದುಕೊಂಡು ಹೋಗುತ್ತೇನೆ, ನಾನೇ ನೋಡಿಕೊಳ್ಳುತ್ತೇನೆ, ಇನ್ನು ಮುಂದೆ ಒಂದು ಶೇಡೂ ಹಾಳಾಗದಂತೆ ನಾನೇ ಹೊಣೆ ಎಂದೆ. ಅಷ್ಟುದ್ದ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ಮೂವರೂ ನನ್ನ ಕಡೆ ತಿರುಗಿದರು. "ಹೊಣೆ ಅಂದಿದೀಯ. ಇನ್ನೊಂದು ಸಲ ಹೋಟೆಲ್‌ನಿಂದ ವಾಸನೆ ಅಂತ ಫೋನ್ ಬಂತೋ, ಅವನು ಗೋದಾಮಿಗೆ," ಎಂದಳು ಅಮ್ಮ.

ಆಸ್ಪತ್ರೆಗೆ ಅಪ್ಪನೂ ಬಂದ. ಬುಟ್ಟಿ ಭಾರ ಎಂಬ ನೆಪ. ಕಾಯುವ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತವನು ನಮ್ಮ ಸರದಿ ಬರುವವರೆಗೂ ಆ ಕಾಲನ್ನು ಇಳಿಸಲಿಲ್ಲ. ಪಕ್ಕದಲ್ಲಿ ದೊಡ್ಡ ನಾಯಿಯೊಂದನ್ನು ಹಿಡಿದುಕೊಂಡು ಇನ್ನೊಬ್ಬರು ಕೂತಿದ್ದರು. ಅವರೂ ಹಾಗೇ ಕೂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಏನೂ ಕೇಳದೆ, ತಲೆಯಾಡಿಸಿಕೊಂಡರು.

ಡಾಕ್ಟರಮ್ಮ ಚುರುಕು. ಪಾಳೇಗಾರನನ್ನು ಮೇಲಿಂದ ಕೆಳಗೆ ನೋಡಿ, "ಚಿಕ್ಕ ಕೆಲಸ. ಸಂಜೆಗೆ ಕರ್ಕೊಂಡು ಹೋಗಬಹುದು," ಎಂದರು.

"ನೋವಾಗುತ್ತಾ?" ಎಂದ ಅಪ್ಪ.

"ಮತ್ತು ಬರೋ ಔಷಧಿ ಕೊಡ್ತೀವಿ. ಗೊತ್ತೇ ಆಗಲ್ಲ."

"ಆಮೇಲೆ ಗೊತ್ತಾಗುತ್ತಾ? ಅಂದ್ರೆ, ಏನೋ ಕಮ್ಮಿಯಾಗಿದೆ ಅಂತ."

"ಅವನಿಗಿಂತ ನಿಮಗೇ ಹೆಚ್ಚು ಗೊತ್ತಾಗ್ತಿರೋ ಹಾಗಿದೆ," ಎಂದರು ಡಾಕ್ಟರಮ್ಮ. ಆಮೇಲೆ ನನ್ನ ಕಡೆ ತಿರುಗಿ, ನಾನು ಹೊಣೆಗಾರನೆಂದು ಹೇಗೋ ಗೊತ್ತಾದವರಂತೆ ಹೇಳಿದರು: "ಗಾಯ ನೆಕ್ಕಬಾರದು, ಅದಕ್ಕೆ ಕುತ್ತಿಗೆಗೆ ಕಾಲರ್ ಹಾಕಿ ಕಳಿಸ್ತೀನಿ. ನೋವಿಗೆ ಔಷಧಿ ಕೊಡ್ತೀನಿ, ಸ್ವಲ್ಪ ಮಂಪರು ಇರುತ್ತೆ. ಇನ್ನೊಂದು ವಿಷಯ. ಆಪರೇಷನ್ ಆದ ತಕ್ಷಣ ವಾಸನೆ ನಿಲ್ಲಲ್ಲ. ಮೈಯಲ್ಲಿ ಹಳೇ ಸ್ಟಾಕ್ ಇರುತ್ತೆ, ಖಾಲಿಯಾಗೋಕೆ ಕೆಲವು ವಾರ ಬೇಕು. ಅಲ್ಲಿವರೆಗೆ ಹೆದರಿಸಬೇಡಿ, ಹೊಸ ಜಾಗಕ್ಕೆ ಕರ್ಕೊಂಡು ಹೋಗಬೇಡಿ. ಗಾಬರಿಯಾದ್ರೆ ಹಳೇ ಬುದ್ಧಿ ತೋರಿಸ್ತಾನೆ."

ನಾನು ಅದನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡಿದೆ. ಹೆದರಿಸಬಾರದು, ಹೊಸ ಜಾಗ ಕೂಡದು. ಶಾಲೆಯಲ್ಲಿ ಒಂದು ಪದ್ಯವನ್ನಾದರೂ ನಾನು ಅಷ್ಟು ಭಕ್ತಿಯಿಂದ ಕಲಿತಿದ್ದರೆ ಇವತ್ತು ನನ್ನ ಕಥೆಯೇ ಬೇರೆ.

ಆಸ್ಪತ್ರೆಯವರು ಕೊಟ್ಟ ಕಾಲರು ಪ್ಲಾಸ್ಟಿಕ್ಕಿನದು. ಬಕೆಟ್ಟಿನ ತಳ ಕತ್ತರಿಸಿ ತಲೆ ತೂರಿಸಿದ ಹಾಗಿತ್ತು. ಪಾಳೇಗಾರ ಅದನ್ನು ಹಾಕಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆದ. ಗೋಡೆ ಸಿಕ್ಕಿದ ಮೇಲೆ ಗೋಡೆಯನ್ನೂ ಹಿಂದಕ್ಕೆ ಹತ್ತಲು ನೋಡಿದ. ಕೊನೆಗೆ ಮುಂಗಾಲಿನಿಂದ ಒಂದು ಏಟು ಕೊಟ್ಟು ಅದನ್ನು ಕಳಚಿ, ಅದರೊಳಗೇ ಕೂತು ಗಾಯದ ಕಡೆಗೆ ಬಗ್ಗಿದ.

ಅಪ್ಪ ಕಾಲರನ್ನು ಎತ್ತಿ ಬೆಳಕಿಗೆ ಹಿಡಿದ. ಅವನ ಮುಖ ಕೆಂಪಾಯಿತು.

"ಯಾವನು ಮಾಡಿದ್ದು ಇದನ್ನ? ಮೇಲಿನ ಸುತ್ತಳತೆಗೂ ಕೆಳಗಿನ ಸುತ್ತಳತೆಗೂ ಸಂಬಂಧವೇ ಇಲ್ಲ. ಅಂಚು ಮಡಚಿಲ್ಲ. ಇದೂ ಒಂದು ಶೇಡಾ?"

"ಅದು ಶೇಡಲ್ಲ ಕಣ್ರೀ," ಎಂದಳು ಅಮ್ಮ.

"ಎರಡು ಬದಿ ತೂತು, ಮಧ್ಯೆ ಇಳಿಜಾರು. ಶೇಡಲ್ಲದೆ ಇನ್ನೇನು? ಅವನಿಗೆ ನಾವು ಮಾಡಿದ ಅನ್ಯಾಯಕ್ಕೆ ಒಂದು ಸರಿಯಾದ ಶೇಡಾದ್ರೂ ಬೇಡ್ವಾ?"

ನನಗೆ ಧೈರ್ಯ ಬಂತು. ನಾನು ಮಾಡುತ್ತೇನೆ ಎಂದೆ. ಹೋಟೆಲಿನ ಹೊಸ ಆರು ಶೇಡುಗಳ ಕೆಲಸದಲ್ಲಿ ಮುಳುಗಿದ್ದ ಅಪ್ಪ ನನ್ನನ್ನೂ ಬೆಕ್ಕನ್ನೂ ನೋಡಿ, "ಸರಿ, ಗಿರಾಕಿ ಎಲ್ಲೂ ಹೋಗೋ ಸ್ಥಿತೀಲಿಲ್ಲ," ಎಂದ.

ಹೀಗೆ ನನ್ನ ಜೀವನದ ಮೊದಲ ಸ್ವಂತ ಶೇಡು ಬೆಕ್ಕಿನ ಕುತ್ತಿಗೆಯ ಅಳತೆಗೆ ತಯಾರಾಯಿತು. ಹೋಟೆಲಿನ ಬಟ್ಟೆಯಲ್ಲೇ ಉಳಿದ ಕೆನೆಬಣ್ಣದ ತುಂಡು, ಅದೇ ಕಂದು ಅಂಚು. ಮೆತ್ತಗಿನ ತಂತಿ, ಕುತ್ತಿಗೆ ತಾಗುವಲ್ಲಿ ಹತ್ತಿಯ ಪಟ್ಟಿ. ಕುಚ್ಚು ಬೇಡ ಎಂದಿದ್ದೆ. ಅಜ್ಜಿ ಕತ್ತಲಲ್ಲಿ ಕೈಗೆ ಸಿಕ್ಕಿದ್ದು ಹೋಟೆಲಿನದೇ ಎಂದುಕೊಂಡು ಅದಕ್ಕೂ ಕುಚ್ಚು ಹೊಲಿದಿಟ್ಟಳು. ಕುಚ್ಚು ಬಿಟ್ಟರೆ ಉಳಿದ ಹೊಲಿಗೆಯೆಲ್ಲ ನನ್ನದೇ, ಒಂದೊಂದೂ ಸಾಸಿವೆ ಕಾಳಿನಷ್ಟು ಒಂದೇ ಸಮ. ಪಾಳೇಗಾರ ಅದನ್ನು ತೊಟ್ಟುಕೊಂಡು, ಕನ್ನಡಿಯಿಲ್ಲದೆಯೂ ಏನೋ ಗೊತ್ತಾದವನಂತೆ, ಮೆಲ್ಲಗೆ ಕೋಣೆಯ ನಡುವೆ ಬಂದು ಕೂತ. ಈಗ ಅವನ ದರ್ಬಾರಿಗೆ ಕಳೆ ಬಂತು.

ಅಪ್ಪ ಬಗ್ಗಿ ಅಂಚನ್ನು ಉಗುರಿನಿಂದ ಸವರಿ ನೋಡಿದ. "ಪರವಾಗಿಲ್ಲ," ಎಂದ. ಅಪ್ಪನ ಬಾಯಲ್ಲಿ ಇದು ಚಿನ್ನದ ಪದಕ.

ಈಗ ಪ್ಯಾಕಿಂಗಿನ ದಿನಕ್ಕೆ ಬರುತ್ತೇನೆ. (ಬರದೆ ಇರಲು ಸಾಧ್ಯವಿದ್ದರೆ ಇಲ್ಲೇ ನಿಲ್ಲಿಸುತ್ತಿದ್ದೆ.)

ಹೋಟೆಲಿನ ಆರು ಶೇಡುಗಳೂ ತಯಾರಾದವು. ಒಂದೊಂದನ್ನೂ ಹಚ್ಚಿ, ಬೆಚ್ಚಗೆ ಮಾಡಿ, ಅಮ್ಮ ಮೂಸಿ ಒಪ್ಪಿದಳು. ನಾನು ದೊಡ್ಡ ರಟ್ಟಿನ ಪೆಟ್ಟಿಗೆ ತಂದು, ತಳಕ್ಕೆ ಕಾಗದದ ಚೂರು ಹಾಸಿ, ಬಾಯಿ ಮೇಲಾಗಿ ಐದು ಶೇಡುಗಳನ್ನು ಇಟ್ಟೆ. ಆರನೆಯದರಲ್ಲಿ ಒಂದು ನೂಲು ಎದ್ದಿತ್ತು. ಬೇರೆ ಯಾರಾದರೂ ಆಗಿದ್ದರೆ ಕಣ್ಣು ಮುಚ್ಚಿಕೊಂಡು ಒಳಗೆ ಇಡುತ್ತಿದ್ದರು, ಮತ್ತು ಈ ಕಥೆ ಹುಟ್ಟುತ್ತಿರಲಿಲ್ಲ. ನಾನು ಅದನ್ನು ಕತ್ತರಿಸಲೆಂದು ಪಕ್ಕಕ್ಕೆ ತೆಗೆದಿಟ್ಟೆ. ಎಲ್ಲಿ ಇಡುವುದು? ಮೇಜಿನ ಮೇಲೆ ಅಂಟು, ನೆಲದ ಮೇಲೆ ತಂತಿಯ ಪುಡಿ. ಇಡೀ ಕೋಣೆಯಲ್ಲಿ ಶುಭ್ರವಾಗಿದ್ದ ಜಾಗವೆಂದರೆ ಬೆಳಿಗ್ಗೆಯಷ್ಟೇ ಒಗೆದ ಹೊದಿಕೆ ಹಾಸಿದ ಪಾಳೇಗಾರನ ಬುಟ್ಟಿ. ಅವನು ಆಗ ಅದರಲ್ಲಿರಲಿಲ್ಲ. ಅಲ್ಲಿಟ್ಟೆ.

ಅಷ್ಟರಲ್ಲಿ ಅಜ್ಜಿ ಒಳಗಿನಿಂದ, "ಬಾರೋ, ಈ ಸೂಜಿಗೆ ಸ್ವಲ್ಪ ದಾರ ಪೋಣಿಸಿಕೊಡು," ಎಂದು ಕರೆದಳು. ಹೋದೆ. ದಾರ ಸಿಕ್ಕಿತು, ಸೂಜಿ ಸಿಗಲಿಲ್ಲ. ಸೂಜಿ ಸಿಕ್ಕಿತು, ಕನ್ನಡಕ ಅದರ ಮೇಲೆ ಕೂತಿತ್ತು. ವಾಪಸ್ ಬಂದಾಗ ಹೋಟೆಲಿನ ವ್ಯಾನು ಬಾಗಿಲಲ್ಲಿ ಹಾರನ್ ಹೊಡೆಯುತ್ತಿತ್ತು.

ನಾನು ಅವಸರದವನಲ್ಲ. ಪೆಟ್ಟಿಗೆಯ ಮೇಲೆ ಬಗ್ಗಿ ಎಣಿಸಿದೆ. ಕೆನೆಬಣ್ಣ, ಕಂದು ಅಂಚು, ಕುಚ್ಚು: ಆರು. ಮತ್ತೆ ಎಣಿಸಿದೆ: ಆರು. ನೂಲನ್ನು ಕತ್ತರಿಸಿ ಆಗಲೇ ಒಳಗೆ ಇಟ್ಟಿದ್ದೇನೆ, ಎಷ್ಟು ಶ್ರದ್ಧೆ ನನ್ನದು ಎಂದು ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು. ಮೇಲೆ ಮೃದುವಾದ ಕಾಗದ ಹೊದಿಸಿ, ಬಾಯಿ ಮುಚ್ಚಿ, ಉದ್ದಕ್ಕೂ ಅಡ್ಡಕ್ಕೂ ಟೇಪು ಸುತ್ತಿದೆ. ಹಿಡಿದೆತ್ತಲು ಎರಡು ಬದಿಯಲ್ಲಿ ತೂತುಗಳಿದ್ದವು. ಅವನ್ನು ಮುಚ್ಚದೆ ಬಿಟ್ಟದ್ದು ಆ ದಿನ ನಾನು ಮಾಡಿದ ಒಂದೇ ಪುಣ್ಯದ ಕೆಲಸ.

ಡ್ರೈವರು ಪೆಟ್ಟಿಗೆ ಎತ್ತಿ ನರಳಿದ. "ಏನ್ ಸ್ವಾಮಿ, ಬಟ್ಟೆ ಶೇಡಾ ಕಬ್ಬಿಣದ್ದಾ?"

"ನಮ್ಮಲ್ಲಿ ಕೆಲಸ ಅಂದ್ರೆ ಗಟ್ಟಿ ಕೆಲಸ," ಎಂದು ಅಪ್ಪ ಮೀಸೆಯ ಮೇಲೆ ಕೈಯಾಡಿಸಿದ.

ಆ ಮಧ್ಯಾಹ್ನ ಮನೆಯಲ್ಲಿ ಅಪೂರ್ವವಾದ ಶಾಂತಿ ನೆಲೆಸಿತ್ತು. ಮೂಲೆಯ ಬುಟ್ಟಿಯಲ್ಲಿ, ಹೊದಿಕೆಯ ಮಡಿಕೆಗಳ ನಡುವಿನಿಂದ, ಕೆನೆಬಣ್ಣದ ಶೇಡು ಕಾಣುತ್ತಿತ್ತು. ಮುಖ ಗೋಡೆಯ ಕಡೆಗಿತ್ತು. ಔಷಧಿ ಚೆನ್ನಾಗಿ ಕೆಲಸ ಮಾಡಿದೆ ಎಂದು ಎಲ್ಲರೂ ತುದಿಗಾಲಲ್ಲಿ ಓಡಾಡಿದೆವು.

ಅಮ್ಮ ಬಟ್ಟಲಲ್ಲಿ ಹಾಲು ತಂದಿಟ್ಟು, "ಎದ್ದಾಗ ಕುಡೀಲಿ, ಎಬ್ಬಿಸಬೇಡಿ. ಪಾಪ, ಎಷ್ಟು ಸಾಧುವಾಗಿಬಿಟ್ಟಿದೆ," ಎಂದು ಪಿಸುಗುಟ್ಟಿದಳು. ಅಜ್ಜಿ ಬಗ್ಗಿ ಹೊದಿಕೆಯ ಮೇಲೆ ಕೈಯಿಟ್ಟು, "ಬಹಳ ಇಳಿದುಹೋಗಿದಾನೆ. ಮೂಳೆ ತಂತಿ ಹಾಗೆ ಕೈಗೆ ಸಿಗುತ್ತೆ," ಎಂದು ಕಣ್ಣೊರೆಸಿಕೊಂಡಳು.

ಅವರಿಬ್ಬರೂ ಒಳಗೆ ಹೋದ ಮೇಲೆ ಅಪ್ಪ ಸ್ಟೂಲನ್ನು ಬುಟ್ಟಿಯ ಹತ್ತಿರ ಎಳೆದುಕೊಂಡ. ನಾನು ಮೇಜಿನ ಹಿಂದೆ ಚೂರುಬಟ್ಟೆ ಆರಿಸುತ್ತಿದ್ದೆ. ನಾನು ಇರುವುದು ಸಾಮಾನ್ಯವಾಗಿ ಯಾರಿಗೂ ಗೊತ್ತಾಗುವುದಿಲ್ಲ.

"ನೋಡಪ್ಪ," ಎಂದ ಅಪ್ಪ ತಗ್ಗಿದ ದನಿಯಲ್ಲಿ. "ನನ್ನ ಮೇಲೆ ಕೋಪ ಇಟ್ಕೋಬೇಡ. ನಾನು ಕೊನೇವರೆಗೂ ಬೇಡ ಅಂದೆ. ನೀನೂ ಕೇಳಿಸ್ಕೊಂಡಿದೀಯ. ಈ ಮನೇಲಿ ನನ್ನ ಮಾತು ನಡೆಯೋದಿದ್ರೆ ಈ ಗೋಡೆಗೆ ಹಸಿರು ಬಣ್ಣ ಇರ್ತಿತ್ತಾ? ನೀನಾದ್ರೂ ಇಷ್ಟು ವರ್ಷ ಗೋಡೆ ಹಾರಿದೆ, ಊರು ಸುತ್ತಿದೆ. ನಾನು ಮೂಲೆ ಅಂಗಡೀಗೆ ಹೋದ್ರೂ ಎಲ್ಲಿಗೆ ಅಂತ ಹೇಳಿ ಹೋಗಬೇಕು. ಹೋಗ್ಲಿ ಬಿಡು. ಇನ್ಮೇಲೆ ಇಬ್ಬರೂ ಮನೇಲೇ ಇರೋಣ, ಜೊತೆ ಆಗುತ್ತೆ."

ಶೇಡು ಏನೂ ಹೇಳಲಿಲ್ಲ. ಅಪ್ಪನಿಗೆ ಆ ಮೌನ ಬಹಳ ತಾಗಿತು. "ಕ್ಷಮಿಸ್ಬಿಟ್ಟೆ ಅಂದ್ಕೋತೀನಿ," ಎಂದು ಮೂಗೊರೆಸಿಕೊಂಡ.

ಆಗ ಫೋನು ಬಂತು. ಅಮ್ಮ ಬಂದು ಸ್ಪೀಕರಿಗೆ ಹಾಕಿದಳು.

"ಮೇಡಂ," ಎಂದರು ಮ್ಯಾನೇಜರಮ್ಮ, "ಪೆಟ್ಟಿಗೆ ಬಂತು. ಐದು ಶೇಡು ಸಿಕ್ಕಿದೆ. ಆರನೇದು ಊಟದ ಮೇಜಿನ ಕೆಳಗೆ ಕೂತಿದೆ, ಹೊರಗೆ ಬರ್ತಾ ಇಲ್ಲ."

"ಉರುಳಿ ಹೋಗಿರುತ್ತೆ ಮೇಡಂ. ಕೈ ಹಾಕಿ ತೆಗೀರಿ, ಬರುತ್ತೆ."

"ಡ್ರೈವರ್ ಕೈ ಹಾಕಿದ. ಅದು ಅವನ ಕೈಗೆ ಹೊಡೀತು."

ಅಮ್ಮ ನನ್ನ ಮುಖ ನೋಡಿದಳು. ನಾನು ಬುಟ್ಟಿಯನ್ನು ನೋಡಿದೆ. ಅಪ್ಪ ಮೆಲ್ಲಗೆ ಕೈ ಚಾಚಿ, ತನ್ನನ್ನು ಆಗಷ್ಟೇ ಕ್ಷಮಿಸಿದ್ದ ಶೇಡನ್ನು ಮೇಲಕ್ಕೆತ್ತಿದ. ಅದರ ಕೆಳಗೆ ಯಾರೂ ಇರಲಿಲ್ಲ. ಒಂದು ನೂಲು ಮಾತ್ರ ಎದ್ದು ನಿಂತಿತ್ತು.

ಬೆಕ್ಕಿಗೆ ಪೆಟ್ಟಿಗೆ ಕಂಡರೆ ಎಷ್ಟು ಪ್ರೀತಿ ಎಂಬುದು ಜಗತ್ತಿಗೇ ಗೊತ್ತು. ಶೇಡು ತೊಟ್ಟ ಬೆಕ್ಕು ಶೇಡುಗಳ ಪೆಟ್ಟಿಗೆಯಲ್ಲಿ, ಮಂಪರಿನಲ್ಲಿ ಸುರುಳಿ ಸುತ್ತಿಕೊಂಡರೆ ಮೇಲಿಂದ ಏನು ಕಾಣುತ್ತದೆ ಎಂಬುದು ನಮ್ಮ ಮನೆಗೆ ಮಾತ್ರ ಗೊತ್ತು.

ನಾನೂ ಅಪ್ಪನೂ ಹೋಟೆಲಿಗೆ ಓಡಿದೆವು. ಊಟದ ಹಾಲಿನಲ್ಲಿ ಇಬ್ಬರು ಮಾಣಿಗಳು ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ಮ್ಯಾನೇಜರಮ್ಮ ಮಾತ್ರ ನೆಲದ ಮೇಲೆ, ಸೊಂಟಕ್ಕೆ ಕೈಯಿಟ್ಟು. ನಾನು ಮೇಜಿನ ಕೆಳಗೆ ನುಗ್ಗಿ, "ಬಾರೋ ಪುಟ್ಟ," ಎಂದೆ. (ಗಾಬರಿಯಲ್ಲಿ ಹಳೆಯ ಹೆಸರೇ ಬಂತು.) ಅವನು ಬಂದು ನನ್ನ ಎದೆಗೆ ಅಂಟಿಕೊಂಡ. ಮೈಯೆಲ್ಲ ನಡುಗುತ್ತಿತ್ತು. ಹೆದರಿಸಬಾರದು, ಹೊಸ ಜಾಗ ಕೂಡದು. ಪೆಟ್ಟಿಗೆಗೆ ಹಾಕಿ, ಟೇಪು ಸುತ್ತಿ, ವ್ಯಾನು ಹತ್ತಿಸಿ, ಹೋಟೆಲಿಗೆ ಕಳಿಸಿದ್ದೆ.

ಮೇಜಿನ ಮೇಲೆ ಒಂದು ದೀಪಕ್ಕೆ ಹೊಸ ಶೇಡು ಹಾಕಿ ಹಚ್ಚಿದ್ದರು. ಹತ್ತಿರ ಹೋಗಬೇಕಾಗಿರಲಿಲ್ಲ. ಹಳೇ ಸ್ಟಾಕು ಪೂರ್ತಿ ಖರ್ಚಾಗಿತ್ತು. ಐದು ಶೇಡಿಗೂ ಸಮವಾಗಿ, ಪಕ್ಷಪಾತವಿಲ್ಲದೆ.

"ಯಾರು ಪ್ಯಾಕ್ ಮಾಡಿದ್ದು?" ಎಂದರು ಮ್ಯಾನೇಜರಮ್ಮ.

ಅಪ್ಪ ಏನೋ ಹೇಳಲು ಬಾಯಿ ತೆರೆದ. ನಾನು ಅದಕ್ಕೆ ಮೊದಲೇ, "ನಾನು," ಎಂದೆ. ಆಮೇಲೆ ನಿಲ್ಲಿಸಲಾಗಲಿಲ್ಲ. ಬಾಲ ನಡುಗಿದ್ದು, ಆಪರೇಷನ್ನು, ಹಳೇ ಸ್ಟಾಕು, ಎದ್ದ ನೂಲು, ಅಜ್ಜಿಯ ಸೂಜಿ, ಎರಡು ಸಲ ಎಣಿಸಿದ್ದು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಕೊನೆಗೆ, "ತಪ್ಪು ಎಣಿಸಿಲ್ಲ ಮೇಡಂ. ಆರೇ ಇತ್ತು. ದಯವಿಟ್ಟು ವಾಸನೆ ಅಂತ ಅಮ್ಮನಿಗೆ ಫೋನ್ ಮಾಡಬೇಡಿ. ಮಾಡಿದ್ರೆ ಇವನನ್ನ ಗೋದಾಮಿಗೆ ಕಳಿಸ್ತಾರೆ," ಎಂದೆ. ಕುರ್ಚಿಯ ಮೇಲಿದ್ದ ಮಾಣಿಗಳು ಕೆಳಗಿಳಿದು ಕೇಳುತ್ತಿದ್ದರು.

ಮ್ಯಾನೇಜರಮ್ಮ ಹತ್ತಿರ ಬಂದು, ಪಾಳೇಗಾರನ ಕೊರಳಿನ ಶೇಡಿಗೆ ಮೂಗು ತಂದರು. ಮತ್ತೊಮ್ಮೆ ತಂದರು.

"ಇದೊಂದು ವಾಸನೆ ಬರ್ತಿಲ್ಲ," ಎಂದರು. ಬರುವುದಾದರೂ ಹೇಗೆ? ಕೋಟೆಯೊಳಗೆ ಕೂತು ಹೊರಗೆ ಬಾಣ ಬಿಟ್ಟವನ ಕೋಟೆ ಅದು. ಅವರು ಅಂಚನ್ನು ತಿರುವಿ ಹೊಲಿಗೆ ನೋಡಿದರು. "ಇದನ್ನ ಯಾರು ಮಾಡಿದ್ದು?"

ಈ ಸಲ ಅಪ್ಪ ಉತ್ತರಿಸಿದ. ತುಸು ಗಂಟಲು ಸರಿಮಾಡಿಕೊಂಡು, "ನಮ್ಮ ಹುಡುಗನೇ," ಎಂದ.

ಅಲ್ಲಿಗೆ ಹೀಗೆ ತೀರ್ಮಾನವಾಯಿತು: ಆ ಶೇಡು ಬಿಚ್ಚಿ ಕೊಡಬೇಕು, ಅದು ಮುಂಬಾಗಿಲ ಮೇಜಿನ ದೀಪಕ್ಕೆ. ಊಟದ ಹಾಲಿಗೆ ಆರನ್ನು ಹೊಸದಾಗಿ ಮಾಡಿಕೊಡಬೇಕು, ಹೊಲಿಗೆ ಇದೇ ಕೈಯದಾಗಬೇಕು. ಪ್ಯಾಕಿಂಗ್ ಮಾತ್ರ ಬೇರೆ ಯಾರಾದರೂ ಮಾಡಬೇಕು. ಹೀಗೆ ಪಾಳೇಗಾರ ಬರಿಗೊರಳಲ್ಲಿ, ನಾನು ಅವನ ಮೂತಿ ಗಾಯದ ಕಡೆ ಹೋಗದಂತೆ ಗಲ್ಲ ಹಿಡಿದುಕೊಂಡು, ಅಪ್ಪ ವಾಸನೆಯ ಪೆಟ್ಟಿಗೆ ಹೊತ್ತುಕೊಂಡು, ಮೂವರೂ ಮನೆಗೆ ಬಂದೆವು.

ಅಮ್ಮ ಬಾಗಿಲಲ್ಲೇ ವಿಚಾರಣೆ ನಡೆಸಿದಳು.

"ಪೆಟ್ಟಿಗೆ ತಂದಿಟ್ಟವನು ಯಾರು?"

"ನಾನು."

"ಎಣಿಸಿದವನು? ಟೇಪ್ ಹಾಕಿದವನು?"

"ನಾನೇ."

"ಮತ್ತೆ ಬೆಕ್ಕಿನದೇನು ತಪ್ಪು? ಮಲಗಿದ್ದ ಪ್ರಾಣೀನ ಪಾರ್ಸೆಲ್ ಮಾಡಿದ್ರೆ ಅದು ಇನ್ನೇನು ಮಾಡುತ್ತೆ? ಯಾರನ್ನಾದ್ರೂ ಗೋದಾಮಿಗೆ ಕಳಿಸೋದಾದ್ರೆ ನಿನ್ನನ್ನ ಕಳಿಸಬೇಕು." ಪಾಳೇಗಾರನನ್ನು ನನ್ನ ಕೈಯಿಂದ ಕಿತ್ತುಕೊಂಡು, "ಬಾ ನನ್ನಪ್ಪ," ಎಂದು ಒಳಗೆ ನಡೆದಳು. ಅವನು ಅವಳ ಹೆಗಲ ಮೇಲಿಂದ ನನ್ನನ್ನು ನೋಡಿದ. ಅವನ ಮುಖದಲ್ಲಿ ಖುಲಾಸೆಯಾದವನ ತೃಪ್ತಿ ಮಾತ್ರವಲ್ಲ, ಸಾಕ್ಷಿ ಹೇಳಿದವನ ತೃಪ್ತಿಯೂ ಇತ್ತು.

ಗಾಯ ಬೇಗ ಮಾಯಿತು. ಪ್ಲಾಸ್ಟಿಕ್ಕಿನ ಕಾಲರಿಗೆ ಅಜ್ಜಿ ಬಟ್ಟೆಯ ತಳ ಹೊಲಿದು ಕುಚ್ಚು ಹಾಕಿಡುವ ಡಬ್ಬಿ ಮಾಡಿಕೊಂಡಳು. ಪಾಳೇಗಾರ ಈಗ ಗೋಡೆ ಹಾರುವುದಿಲ್ಲ. ಅಮ್ಮನ ಮಡಿಲಿಂದ ಅಪ್ಪನ ಮಡಿಲಿಗೆ, ಅಲ್ಲಿಂದ ನನ್ನ ಮಡಿಲಿಗೆ ಪ್ರಯಾಣ ಮಾಡುತ್ತಾನೆ. ಹೊಟ್ಟೆ ಬಂದಿದೆ. ಶೇಡುಗಳ ಹತ್ತಿರ ಹೋದರೂ ಅದು ಬೇರೆ ಯಾರದೋ ರಾಜ್ಯ ಎಂಬಂತೆ ಬದಿಗೆ ಸರಿದು ಹೋಗುತ್ತಾನೆ.

ನನಗೆ ಮಾತ್ರ ಶಿಕ್ಷೆ ಕಾಯಂ ಆಯಿತು. ನಾನೀಗ ಇಡೀ ಶೇಡು ಮಾಡುತ್ತೇನೆ, ಅದು ನಿಜ. ಆದರೆ ಮನೆಯಿಂದ ಹೊರಡುವ ಪ್ರತಿಯೊಂದನ್ನೂ ಹಚ್ಚಿ, ಬೆಚ್ಚಗೆ ಮಾಡಿ, ದೀಪದಿಂದ ತೆಗೆದು, ಸುತ್ತಲೂ ಮೂಸಿ ನೋಡಿ ನಾನೇ ಒಪ್ಪಿಗೆ ಕೊಡಬೇಕು. ಹೊರಗಿನಿಂದ ಮೂಸಿದರೆ ಮೂಲೆಗಳು ತಪ್ಪಿಹೋಗುತ್ತವೆ. ಆದ್ದರಿಂದ ನಾನು ಸ್ಟೂಲಿನ ಮೇಲೆ ಕೂತು, ಶೇಡಿನೊಳಗೆ ತಲೆ ತೂರಿಸಿ, ಕುತ್ತಿಗೆಯವರೆಗೆ ಎಳೆದುಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ತಿರುಗಿಸುತ್ತ ಮೂಸುತ್ತೇನೆ. ಕೆಲಸ ಅಂದರೆ 'ಪರವಾಗಿಲ್ಲ' ಎನಿಸುವಂತಿರಬೇಕು.

ಮೊನ್ನೆ ಹಾಗೇ ಕೂತಿದ್ದೆ. ಮಡಿಲಲ್ಲಿ ಪಾಳೇಗಾರ ಬರಿಗೊರಳಲ್ಲಿ ಗೊರಗೊರ ಎನ್ನುತ್ತಿದ್ದ. ಅಜ್ಜಿ ಕನ್ನಡಕ ಹುಡುಕುತ್ತ ಬಂದು ನನ್ನೆದುರು ನಿಂತದ್ದು ಹೆಜ್ಜೆಯ ಸದ್ದಿನಿಂದ ಗೊತ್ತಾಯಿತು. ಅವಳ ಕೈ ಶೇಡಿನ ಅಂಚನ್ನು ಸವರಿತು, ಕುಚ್ಚನ್ನು ಸವರಿತು, ಆಮೇಲೆ ನನ್ನ ಕೆನ್ನೆಯನ್ನು ಸವರಿತು.

"ಇವನಿಗೂ ಮಾಡಿಸಿಬಿಟ್ರಾ?" ಎಂದಳು ಒಳಗಿನವರಿಗೆ ಕೇಳುವಂತೆ. "ಯಾಕಪ್ಪ ಸುಮ್ಮನೆ? ಇವನು ಮೊದಲಿಂದಲೂ ಸಾಧುವಾಗಿ ಮನೇಲೇ ಕೂತಿರ್ತಿದ್ದನಲ್ಲ."

ಒಳಗಿನಿಂದ ಯಾರಾದರೂ 'ಇಲ್ಲ' ಎನ್ನುತ್ತಾರೆಂದು ಶೇಡಿನೊಳಗೆ ಬಹಳ ಹೊತ್ತು ಕಾದೆ. ಯಾರೂ ಅನ್ನಲಿಲ್ಲ.